ಸೀಟಿನಡಿಯ ನಡುಕ

ಪುಣೆಯಿಂದ ಹೊರಟವನಿಗೆ ಖಂಬಾಟಕಿ ಘಾಟು ದಾಟುವವರೆಗೂ ಊರಿಗೆ ಹೊರಟಿದ್ದೇನೆ ಎಂಬುದು ಖಾತ್ರಿಯಾಗುವುದಿಲ್ಲ. ಕಾತ್ರಜದ ಸುರಂಗ, ಟೋಲಿನ ಸಾಲು, ಶಿರವಳದವರೆಗಿನ ಲಾರಿಗಳ ಜಾತ್ರೆ ಎಲ್ಲ ಮುಗಿದು ಘಾಟಿನ ಆಚೆ ಇಳಿದ ಮೇಲೆಯೇ ರಸ್ತೆ ಬಿಚ್ಚಿಕೊಳ್ಳುವುದು, ಕಾಲು ಆಕ್ಸಿಲರೇಟರಿನ ಮೇಲೆ ತಾನಾಗಿ ಭಾರವಾಗುವುದು. 2021ರ ದೀಪಾವಳಿಗೆ ಊರಿಗೆ ಹೊರಟಾಗ ನನ್ನ ಗಾಡಿ ನಡುಗತೊಡಗಿದ್ದು ಅಲ್ಲಿಯೇ. ಮುಳ್ಳು 75 ದಾಟಿದ್ದೇ ತಡ, ಸೀಟಿನ ಅಡಿಯಿಂದ ಗುಂಯ್ ಎಂದು ಎದ್ದು ಬೆನ್ನಿಗೆ ಹತ್ತುವಂಥ ನಡುಕ. 85ಕ್ಕೆ ಬಂದಾಗ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. "ಏನ್ರೀ ಇದು, ಗ್ರೈಂಡರ್ ಮೇಲೆ ಕೂತ ಹಾಗಿದೆಯಲ್ಲ" ಎಂದಳು ಹೆಂಡತಿ. 65ಕ್ಕೆ ಇಳಿಸಿದೆ, ನಿಂತಿತು. ಹಾಗೇ 65ರಲ್ಲಿ ತೆವಳುತ್ತ, ಬೆಳಿಗ್ಗೆ ಹೊರಟವರು ಮಧ್ಯರಾತ್ರಿಗೆ ಸಾಗರ ಮುಟ್ಟಿದೆವು. ದಾರಿಯುದ್ದಕ್ಕೂ ನಾನು ಒಬ್ಬನನ್ನು ಮನಸ್ಸಿನಲ್ಲೇ ಬೈಯುತ್ತ ಹೋದೆ. ಆ ಬೈಗುಳದ ಲೆಕ್ಕ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಎಂದರೆ ಕಾರಲ್ಲ. ಹಿಂದೆ ತೊಟ್ಟಿಯಿರುವ, ಬೇಕೆಂದಾಗ ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವ ಪಿಕಪ್ಪು. ಚಿಂಚವಡದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕಾಗದ ನೋಡಿಕೊಂಡವನಿಗೆ, ನಿಗಡಿಯಲ್ಲಿ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿರುವವನಿಗೆ ಅದು ಯಾಕೆ ಬೇಕಿತ್ತು ಎಂದರೆ ಉತ್ತರ ಎರಡಿವೆ. ಸೊಸೈಟಿಯವರಿಗೆ ಹೇಳಿದ್ದು, ಊರಲ್ಲಿ ಅಡಿಕೆ ತೋಟವಿದೆ, ಹೇರು ಹಾಕಲು ಬೇಕು ಅಂತ. ನಿಜವಾದದ್ದು ಬೇರೆ. ಮಲೆನಾಡಿನ ಮಳೆಗಾಲದಲ್ಲಿ ಕೆಸರಿಗೆ ಹೂತ ಜೀಪು ತಳ್ಳಿ ಬೆಳೆದವನು ನಾನು. ತಳ್ಳುವವನ ಮುಖಕ್ಕೆ ಕೆಸರು ಹಾರುತ್ತದೆ, ಸ್ಟೇರಿಂಗಿನ ಹಿಂದೆ ಕೂತವನು ನಿರುಮ್ಮಳವಾಗಿ ಬೀಡಿ ಹಚ್ಚುತ್ತಾನೆ. ನನಗೆ ಆ ಸೀಟು ಬೇಕಿತ್ತು. ಐವತ್ತು ದಾಟಿದ ಮೇಲೆ ಸಿಕ್ಕಿತು.

2019ರಲ್ಲಿ ಗಾಡಿ ಕೊಂಡೆ. ಭಾನುವಾರಗಳಂದು ಮುಳಶಿಯ ಕಡೆ ಕೆಸರು ಹುಡುಕಿಕೊಂಡು ಹೋಗುವ ಗುಂಪೊಂದು ಗಂಟುಬಿತ್ತು. ಅಲ್ಲಿ ಎಲ್ಲರ ಗಾಡಿಯೂ ನನ್ನದಕ್ಕಿಂತ ಎತ್ತರ. ಸರಿ, ಎರಡು ವರ್ಷ ತಡೆದುಕೊಂಡು ನಾನೂ ಎತ್ತರಿಸಿದೆ. ಎರಡಿಂಚು. ಮುಂದೆ ಸ್ಪ್ರಿಂಗಿಗೆ ದಿಂಡು, ಹಿಂದೆ ಪ್ಲೇಟ್ ಸೆಟ್ಟಿನ ತುದಿಗೆ ಉದ್ದನೆಯ ಶ್ಯಾಕಲ್ಲು, ಜೊತೆಗೆ ದಪ್ಪ ಟೈರು. ಕಂಪೆನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹಿಡಿದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿತ್ತು. ಪೇಪರಿನಲ್ಲಿ ಓದಿದ್ದೆ. ಓದಿ ಮಡಚಿಟ್ಟಿದ್ದೆ.

ಎತ್ತರಿಸಿದ ಮೇಲೆ ಒಂದು ತಿಂಗಳು ಗಾಡಿ ಓಡಿದ್ದೆಲ್ಲ ಮನೆ, ಆಫೀಸು, ಭಾನುವಾರದ ಕೆಸರು. ಮುಳ್ಳು ಐವತ್ತು ಮುಟ್ಟುವ ಪ್ರಮೇಯವೇ ಇರಲಿಲ್ಲ. ಹಬ್ಬಕ್ಕೆ ಹೊರಡುವ ಮುಂಚೆ ಭೋಸರಿಯ ಒಂದು ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿಸಿ, ಬ್ಯಾಲೆನ್ಸ್ ಮಾಡಿಸಿ, ಮುಂದಿನವನ್ನು ಹಿಂದಕ್ಕೆ ಹಾಕಿಸಿದೆ. ಕೆಲಸ ಮಾಡಿದವನು ಬಸವನ ಬಾಗೇವಾಡಿ ಕಡೆಯ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಅಪ್ಪ ಅವ್ವ ಬರಗಾಲದಲ್ಲಿ ಊರು ಬಿಟ್ಟು ಬಂದು ಕಟ್ಟಡದ ಕೆಲಸಕ್ಕೆ ನಿಂತವರು. ಇವನು ಸೆಂಟ್ರಿಂಗ್ ಹಲಗೆಗಳ ನಡುವೆ ಬೆಳೆದು, ಮರಾಠಿ ಶಾಲೆಯಲ್ಲಿ ಎಂಟನೆಯವರೆಗೆ ಓದಿ, ಪಾನಾ ಹಿಡಿದಿದ್ದ. ನಾಲ್ಕೈದು ವರ್ಷದ ಹಿಂದೆ ಹಳೆಯ ಕಾರಿನ ಪಂಕ್ಚರಿಗೆಂದು ಅಲ್ಲಿ ನಿಲ್ಲಿಸಿದ್ದಾಗ, ಒಳಗಿನಿಂದ ಯಾರೋ ತುಕ್ಕು ಹಿಡಿದ ನಟ್ಟೊಂದರ ವಂಶವನ್ನೆಲ್ಲ ಅಚ್ಚ ಕನ್ನಡದಲ್ಲಿ ಜಾಲಾಡುತ್ತಿದ್ದುದು ಕೇಳಿಸಿತು. ಅಷ್ಟೇ, ಅಂದಿನಿಂದ ನಾನು ಆ ಗ್ಯಾರೇಜಿನ ಗಿರಾಕಿ.

ನಮ್ಮವನು ಅಂದರೆ ಏನು ಎಂದು ಊರಲ್ಲಿರುವ ನಿಮಗೆ ಹೇಳುವುದು ಕಷ್ಟ. ಅಲ್ಲಿ ಎಲ್ಲರೂ ನಮ್ಮವರೇ, ಆದ್ದರಿಂದ ಯಾರೂ ಅಲ್ಲ. ಇಲ್ಲಿ ಸಾಗರದವನಿಗೂ ಬಾಗೇವಾಡಿಯವನಿಗೂ ನಂಟು ಬೆಳೆಯಲು ಒಂದು ಬೈಗುಳ ಸಾಕು. ಊರಲ್ಲೇ ಇದ್ದಿದ್ದರೆ ಅವನ ಮಾತು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನನ್ನ ಮಾತಿಗೆ ಅವನು ಒಳಗೊಳಗೇ ನಗುತ್ತಿದ್ದ. ಇಲ್ಲಿ ಅವನು ನನ್ನ ಗಾಡಿಯನ್ನು ಸಾಲು ತಪ್ಪಿಸಿ ಮೊದಲು ನೋಡುತ್ತಿದ್ದ, ಸಣ್ಣಪುಟ್ಟದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಬದಲಿಗೆ ನಾನು ಕೊಟ್ಟದ್ದು? ನಾಲ್ಕು ಕನ್ನಡದ ಮಾತು. ವ್ಯಾಪಾರ ನನ್ನ ಕಡೆಗೇ ವಾಲಿತ್ತು ಎಂದು ಆಗ ಅನ್ನಿಸಿರಲಿಲ್ಲ.

ಹಬ್ಬ ಮುಗಿಸಿ ಬಂದವನು ಸೀದಾ ಗ್ಯಾರೇಜಿಗೆ ಹೋದೆ.

"ಏನೋ, ಗಾಲಿ ಏನು ಮಾಡಿಟ್ಟಿದೀಯೋ?"

"ಯಾಕ್ರಿ ಸರ, ಏನಾತ್ರಿ?"

"ಎಪ್ಪತ್ತೈದಕ್ಕೆ ಗಾಡಿ ಗಡಗಡ ಅಂತದೆ. ನೀನು ಮುಟ್ಟೋಕೆ ಮುಂಚೆ ಸರಿಯಿತ್ತು."

ಅವನು ಗಾಬರಿಯಾಗಲಿಲ್ಲ. "ಸ್ಟೇರಿಂಗ್ ನಡಗತೈತೋ, ಸೀಟ್ ನಡಗತೈತ್ರಿ?" ಎಂದು ಕೇಳಿದ.

"ಸೀಟು."

"ಹಂಗಾರ ಮುಂದಿನ ಗಾಲೀದಲ್ರಿ ಇದು. ಗಾಡಿ ಮ್ಯಾಲ ಎತ್ತಿಸೀರಲ್ರಿ... ತಡೀರಿ, ಕೆಳಗ ಹೊಕ್ಕು ಒಂದ್ ಸಲ ಶಾಫ್ಟ್ ನೋಡ್ತೀನಿ."

ಅಲ್ಲಿ ನಾನು ಹೇಳಿದ ಮಾತು ಅಕ್ಷರಕ್ಷರ ನೆನಪಿದೆ. "ಎತ್ತಿಸಿದೋರು ಅದರಲ್ಲೇ ಪಳಗಿದೋರು. ನಿನ್ನ ತಪ್ಪು ಮುಚ್ಚಿಕೊಳ್ಳೋಕೆ ಅವರ ತಲೆಗೆ ಕಟ್ಟಬೇಡ." ಅವನು ಗಾಡಿಯ ಅಡಿಗೆ ಹೋಗಲು ರಟ್ಟು ಹಾಸಿಕೊಂಡಿದ್ದವನು, ಅದನ್ನು ಮಡಚಿ ಗೋಡೆಗೆ ಒರಗಿಸಿದ.

ಮಾಲಕ ಬಂದ. ಮರಾಠಿಯವನು, ಮಾತು ಕಡಿಮೆ, ಗಿರಾಕಿ ಹೋಗಬಾರದೆಂಬುದು ಒಂದೇ ಧರ್ಮ. ಒಂದು ಗಾಲಿಯ ರಿಮ್ಮಿನ ಅಂಚು ಕಾಳಿನಷ್ಟು ತಗ್ಗಾಗಿತ್ತು. ಮುಳಶಿಯ ಕಲ್ಲಿಗೆ ನಾನೇ ಹೊಡೆಸಿದ್ದಿರಬೇಕು. ಆದರೆ ಬೈಯಲು ನಿಂತವನಿಗೆ ಸಾಕ್ಷಿ ಸಿಕ್ಕರೆ ಸಾಕು, ಅದರ ಪೂರ್ವಾಪರ ಯಾರಿಗೆ ಬೇಕು? ಬಿಚ್ಚುವಾಗ ಬೀಳಿಸಿದ್ದಾನೆ ಎಂದೆ. ಹೊಸ ರಿಮ್ಮು ಬಂತು, 6,500 ರೂಪಾಯಿ. ಅದನ್ನು ಹುಡುಗನ ಸಂಬಳದಲ್ಲಿ ಎರಡು ತಿಂಗಳು ಮುರಿದುಕೊಳ್ಳುವುದಾಗಿ ಮಾಲಕ ನನ್ನೆದುರಿಗೇ ಹೇಳಿದ. ಅವನ ತಿಂಗಳ ಸಂಬಳ ಹದಿನಾಲ್ಕು ಸಾವಿರ. ನಾನು ಬೇಡ ಎನ್ನಲಿಲ್ಲ.

ಹೊಸ ರಿಮ್ಮು ಹಾಕಿಕೊಂಡು ಬೈಪಾಸಿಗೆ ಹೋದೆ. 75. ಗುಂಯ್.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು ಎಂದು ನಾವು ದಿನಾ ಹೇಳುತ್ತೇವೆ. ಕಾಕತಾಳೀಯ ಎಂಬುದು ಬೀದಿಯ ಮಾತೇ ಆಗಿಬಿಟ್ಟಿದೆ. ಅವನು ಗಾಲಿ ಮುಟ್ಟಿದ, ಆಮೇಲೆ ನಡುಗಿತು, ಆದ್ದರಿಂದ ಅವನೇ. ಇದು ಶುದ್ಧ ಕಾಗೆಯ ತರ್ಕ. ನಡುಕ ಒಂದು ತಿಂಗಳಿಂದ ಗಾಡಿಯೊಳಗೇ ಕೂತಿತ್ತು, ನಾನು ಅದನ್ನು ಕಾಣುವಷ್ಟು ಜೋರಾಗಿ ಓಡಿಸಿರಲಿಲ್ಲ, ಅಷ್ಟೇ. ಇರಲಿ, ಅದು ಗೊತ್ತಿರಲಿಲ್ಲ ಎನ್ನೋಣ. ಆದರೆ ನಮ್ಮ ನೈಯಾಯಿಕರು ಎರಡು ಮಾತು ಹೇಳುತ್ತಾರಲ್ಲ, ಅನ್ವಯ, ವ್ಯತಿರೇಕ ಅಂತ. ಇದು ಇದ್ದಲ್ಲಿ ಅದೂ ಇರಬೇಕು, ಇದು ಇಲ್ಲದಲ್ಲಿ ಅದೂ ಇರಬಾರದು. ಕಾರಣ ಅನ್ನಿಸಿಕೊಳ್ಳಬೇಕಾದರೆ ಎರಡೂ ಕೂಡಿಬರಬೇಕು. ಹಳೆಯ ರಿಮ್ಮು ಹೋಯಿತು, ನಡುಕ ಹೋಗಲಿಲ್ಲ. ಹುಡುಗನನ್ನು ಬಿಡುಗಡೆ ಮಾಡುವ ಪುರಾವೆ ಅಂದು ಮಧ್ಯಾಹ್ನ ಬೈಪಾಸಿನ ಮೇಲೆ ನನ್ನ ಸೀಟಿನ ಅಡಿಯಲ್ಲೇ ಇತ್ತು. ನಾನು ಏನು ಅಂದುಕೊಂಡೆ ಗೊತ್ತೇ? ಇನ್ನೇನೋ ಕೆಡಿಸಿದ್ದಾನೆ!

ಮತ್ತೆರಡು ತಿಂಗಳು ಹಾಗೇ ಓಡಿಸಿದೆ. ಆಮೇಲೆ ನಮ್ಮ ಕಾರ್ಖಾನೆಯ ಪರೀಕ್ಷಾ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಹೇಳಿಕೊಂಡೆ. ಅವರೂ ಮರಾಠಿಯವರು. ಒಂದು ಭಾನುವಾರ ಬೆಳಿಗ್ಗೆ ಬಂದು, ಪಕ್ಕದಲ್ಲಿ ಕೂತು, ಅವರು ಕೇಳಿದ ಮೊದಲ ಪ್ರಶ್ನೆ: "ಸ್ಟೇರಿಂಗ್ ನಡುಗುತ್ತದೋ, ಸೀಟೋ?" ಕಿವಿ ಬಿಸಿಯಾಯಿತು. ಈ ಪ್ರಶ್ನೆಯನ್ನು ನಾನು ಮೊದಲೇ ಕೇಳಿದ್ದೆ, ಇನ್ನೊಂದು ಬಾಯಲ್ಲಿ.

ಅವರ ರೀತಿ ಬಹಳ ಸರಳ. ಒಂದೊಂದಾಗಿ ನಿರಪರಾಧಿಗಳನ್ನು ಮನೆಗೆ ಕಳಿಸುವುದು. 85ರಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತರಲು ಹೇಳಿದರು. ಎಂಜಿನ್ನು ತಣ್ಣಗೆ ಗುನುಗತೊಡಗಿತು, ನಡುಕ ತಗ್ಗಿತಾದರೂ ನಿಲ್ಲಲಿಲ್ಲ. ಎಂಜಿನ್ನು ಮನೆಗೆ ಹೋಯಿತು. ಅದೇ ವೇಗದಲ್ಲಿ ಆಕ್ಸಿಲರೇಟರು ಒತ್ತಿಸಿದರು, ಬಿಡಿಸಿದರು. ಒತ್ತಿದರೆ ನಡುಕ ಹೆಚ್ಚು, ಬಿಟ್ಟರೆ ಕಡಿಮೆ. "ಬ್ಯಾಲೆನ್ಸ್ ತಪ್ಪಿದ ಗಾಲಿಗೆ ನೀನು ಒತ್ತಿದ್ದು ಬಿಟ್ಟದ್ದು ಗೊತ್ತಾಗುವುದಿಲ್ಲ, ಅದಕ್ಕೆ ಗೊತ್ತಿರುವುದು ವೇಗ ಒಂದೇ" ಎಂದರು. ಆಮೇಲೆ ಕಣ್ಣು ಮುಚ್ಚಿ ಕೂತು, ನಡುಕವನ್ನು ಸಂಗೀತಗಾರರ ಹಾಗೆ ಕೇಳಿ, ಲೆಕ್ಕ ಹೇಳಿದರು. ನನ್ನ ಟೈರು ಒಂದು ಸುತ್ತಿಗೆ ಎರಡೂವರೆ ಮೀಟರಿನಷ್ಟು ಓಡುತ್ತದೆ, 85ರಲ್ಲಿ ಸೆಕೆಂಡಿಗೆ ಹತ್ತಕ್ಕೆ ಸ್ವಲ್ಪ ಕಡಿಮೆ ಸುತ್ತು. ಗಾಲಿಯ ದೋಷವಾದರೆ ಸೆಕೆಂಡಿಗೆ ಹತ್ತು ಕುಲುಕು, ಎತ್ತಿನ ಗಾಡಿಯ ಕುಲುಕಾಟದ ಜಾತಿ. ಆದರೆ ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಗಾಲಿಗಿಂತ ನಾಲ್ಕು ಪಟ್ಟು ಜೋರಾಗಿ ತಿರುಗುತ್ತದೆ, ಸೆಕೆಂಡಿಗೆ ನಲವತ್ತರ ಹತ್ತಿರ. ಅದರ ತುದಿಯ ಜಾಯಿಂಟು ಕೊಡುವ ಏಟು ಸುತ್ತಿಗೆ ಎರಡು. ಅದು ಕುಲುಕಾಟವಲ್ಲ, ದುಂಬಿಯ ಗುಂಯ್‌ಗಾಟ. "ಇದು ಗಾಲಿಯ ದನಿಯೇ ಅಲ್ಲ" ಎಂದರು. ನನ್ನ ಹೆಂಡತಿ ಮೊದಲ ದಿನವೇ ಗ್ರೈಂಡರ್ ಎಂದಿದ್ದಳು!

ಇನ್ನುಳಿದದ್ದು ಮುಂದಿನ ಶಾಫ್ಟು, ಹಿಂದಿನ ಶಾಫ್ಟು. ನಾಲ್ಕು ಗಾಲಿಯ ಗಾಡಿಗೆ ಈ ರಗಳೆ ಒಂದು ಹೆಚ್ಚು. ಮುಂದಿನದನ್ನು ಬಿಚ್ಚಿಟ್ಟು ಓಡಿಸಿದೆವು. ನಡುಕ ಹಾಗೇ ಇತ್ತು. ಅದೂ ಮನೆಗೆ ಹೋಯಿತು.

ಕೊನೆಗೆ ಅವರು, ಎಪ್ಪತ್ತರ ಮುದುಕರು, ರಟ್ಟು ಹಾಸಿ ಗಾಡಿಯ ಅಡಿಗೆ ಹೊಕ್ಕರು. ನನ್ನ ಮೊಬೈಲನ್ನೇ ಒಂದೊಂದು ಕಡೆ ಒತ್ತಿಹಿಡಿದು ಓರೆ ಎಷ್ಟೆಂದು ಅಳೆದರು. ಶಾಫ್ಟಿನ ಎರಡು ತುದಿಗೆ ಶಿಲುಬೆಯಾಕಾರದ ಎರಡು ಜಾಯಿಂಟು, ನಮ್ಮ ಮೆಕ್ಯಾನಿಕ್ಕುಗಳು ಕ್ರಾಸ್ ಎನ್ನುತ್ತಾರೆ. ಓರೆಯಾಗಿ ತಿರುಗುವ ಇಂಥ ಜಾಯಿಂಟು ಬಲವನ್ನು ಒಂದೇ ಸಮನಾಗಿ ದಾಟಿಸುವುದಿಲ್ಲ, ಒಂದು ಸುತ್ತಿನೊಳಗೇ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂಜರಿಯುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಹದಿನೇಳನೆಯ ಶತಮಾನದಲ್ಲೇ ಇದನ್ನು ಗುರುತಿಸಿದ್ದನಂತೆ. ಮತ್ತೆ ಗಾಡಿಗಳೆಲ್ಲ ಹೇಗೆ ಸುಮ್ಮನೆ ಓಡುತ್ತವೆ? ಆಚೆ ತುದಿಯ ಜಾಯಿಂಟು ಅಷ್ಟೇ ಓರೆಯಲ್ಲಿದ್ದರೆ, ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸಿಹಾಕುತ್ತದೆ. ಓರೆ ಸಣ್ಣದಿರಬೇಕು, ಎರಡೂ ಕಡೆ ಸರಿಸಮ ಇರಬೇಕು, ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು. ಓರೆಯೇ ಇಲ್ಲದಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಿದೆ. ಅಲ್ಲವಂತೆ. ನೆಟ್ಟಗೆ ಕೂತ ಜಾಯಿಂಟಿನೊಳಗಿನ ಸೂಜಿ ಬೇರಿಂಗುಗಳು ಉರುಳುವುದೇ ಇಲ್ಲ, ಒಂದೇ ಕಡೆ ಗುದ್ದಿ ಗುದ್ದಿ ಲೋಹಕ್ಕೆ ಗುಳಿ ಬೀಳುತ್ತದೆ.

ನನ್ನ ಗಾಡಿಯಲ್ಲಿ ಮುಂದಿನ ತುದಿಯ ಓರೆ 5 ಡಿಗ್ರಿ, ಹಿಂದಿನದು 1. ಹಿಂಭಾಗ ಎತ್ತಿದ್ದರಿಂದ ಶಾಫ್ಟಿನ ಇಳಿಜಾರು ಹೆಚ್ಚಿತು. ಉದ್ದನೆಯ ಶ್ಯಾಕಲ್ಲು ಪ್ಲೇಟ್ ಸೆಟ್ಟಿನ ಹಿಂದಿನ ತುದಿಯನ್ನು ಕೆಳಗೊತ್ತಿ, ಹೌಸಿಂಗಿನ ಮೂತಿಯನ್ನು ಮೇಲಕ್ಕೆತ್ತಿತು. ಒಂದು ತುದಿ ಮಾಡಿದ ಏರುಪೇರನ್ನು ಅಳಿಸಲು ಇನ್ನೊಂದು ತುದಿಗೆ ಆಗುತ್ತಿರಲಿಲ್ಲ. ಅವನು ರಟ್ಟು ಹಾಸಿ ನೋಡುತ್ತೇನೆ ಎಂದದ್ದು ಇದನ್ನೇ. ಮೊಬೈಲೂ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

ಕನ್ನಡದಲ್ಲಿ ಲೆಕ್ಕದ ತಪ್ಪಿಗೂ ನಡತೆಯ ತಪ್ಪಿಗೂ ಒಂದೇ ಮಾತು. ಕೂಡುವಾಗ ದಶಕ ಬಿಟ್ಟದ್ದೂ ತಪ್ಪೇ, ಹಸಿದವನ ಅನ್ನ ಕಿತ್ತದ್ದೂ ತಪ್ಪೇ. ಇದು ಭಾಷೆಯ ಬಡತನವೆಂದು ಮೊದಲು ಅನ್ನಿಸುತ್ತಿತ್ತು. ಈಗ ಯಾಕೋ ಹಾಗನ್ನಿಸುವುದಿಲ್ಲ. ನನ್ನದು ಬರೀ ಲೆಕ್ಕದ ತಪ್ಪು, ಗಾಡಿಯ ಯಂತ್ರಶಾಸ್ತ್ರ ಕಾಗದ ನೋಡುವವನಿಗೆ ಹೇಗೆ ಗೊತ್ತಿರಬೇಕು ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಎಡಗೈ ನೋವೆಂದು ಕೈಗೆ ಎಣ್ಣೆ ತಿಕ್ಕಿಸಿಕೊಂಡವನದು ಪಾಪವೇ, ರೋಗ ಎದೆಯಲ್ಲಿದ್ದರೆ? ಅಲ್ಲ. ಆದರೆ ಎದೆ ನೋಡುತ್ತೇನೆ ಎಂದು ಮುಂದೆ ಬಂದವನ ಕೈ ತಳ್ಳಿದರೆ? ಗೊತ್ತಿಲ್ಲದ್ದು ಒಂದು, ನೋಡಗೊಡದಿದ್ದದ್ದು ಇನ್ನೊಂದು. ಅವನು ರಟ್ಟು ಮಡಚಿ ಗೋಡೆಗೆ ಒರಗಿಸಿದ ಆ ಗಳಿಗೆಯಲ್ಲಿ ಮೊದಲನೆಯ ತಪ್ಪು ಎರಡನೆಯದಾಯಿತು. ನಡುವೆ ಗೋಡೆಯಿಲ್ಲ, ನನಗೆ ಸದ್ದೂ ಕೇಳಿಸಲಿಲ್ಲ.

ಮತ್ತೆ, ಯಾಕೆ ನೋಡಗೊಡಲಿಲ್ಲ? ಗಾಡಿ ಎತ್ತಿಸಿದ್ದು ನಾನು. ಕಾರಣ ಅಲ್ಲಿದ್ದರೆ ಅದು ನನ್ನ ಆಸೆಯ ಬುಡಕ್ಕೇ ಬರುತ್ತಿತ್ತು. ಇದು ಯಾರಿಗಾದರೂ ತಿಳಿಯುವಂಥದ್ದು. ಇನ್ನೊಂದಿದೆ, ಅದನ್ನು ಹೇಳಲು ನಾಲಿಗೆ ಎಳೆಯುತ್ತದೆ. ಅದೇ ಪ್ರಶ್ನೆಯನ್ನು ಮರಾಠಿ ಮೆಕ್ಯಾನಿಕ್ಕು ಕೇಳಿದ್ದರೆ ನಾನು ಬಾಯಿಮುಚ್ಚಿ ಕೇಳುತ್ತಿದ್ದೆ. ಪರಸ್ಥಳದಲ್ಲಿ ಪರರೊಡನೆ ನಮ್ಮ ನಾಲಿಗೆ ಸದಾ ಹದ್ದುಬಸ್ತಿನಲ್ಲಿರುತ್ತದೆ. ಇಪ್ಪತ್ತೇಳು ವರ್ಷ ನಾನು ಯಾವ ಪುಣೇಕರನಿಗೂ ದನಿ ಏರಿಸಿದವನಲ್ಲ. ಬಿಗಿಹಿಡಿದದ್ದನ್ನೆಲ್ಲ ಸಡಿಲಿಸಲು ಒಂದು ಜಾಗ ಬೇಕಿತ್ತು. ಸಿಕ್ಕಿದವನು ನಮ್ಮವನು. ಅವನಿಗೆ ಏಕವಚನ ನಡೆಯುತ್ತದೆ, ಅವನು ತಿರುಗಿ ಬೀಳುವುದಿಲ್ಲ, ಬೈದದ್ದು ಸುತ್ತಲಿನವರಿಗೆ ತಿಳಿಯುವುದೂ ಇಲ್ಲ. ಊರ ಭಾಷೆಯನ್ನು ಹೊರಗೆ ಉಳಿಸಿಕೊಂಡಿದ್ದೇವೆ ಎಂದು ಸಂಘದ ಸಭೆಗಳಲ್ಲಿ ನಾವು ಹೇಳಿಕೊಳ್ಳುವುದುಂಟು. ಉಳಿಸಿಕೊಂಡದ್ದನ್ನು ನಾನು ಯಾತಕ್ಕೆ ಬಳಸಿದೆ ಎಂಬುದು ಭೋಸರಿಯ ಆ ಗ್ಯಾರೇಜಿನ ಗೋಡೆಗೆ ಗೊತ್ತು.

ಶ್ಯಾಕಲ್ಲು ತೆಗೆಸಿದೆ. ಓರೆಯ ಬೆಣೆ ಕೊಟ್ಟು ಎತ್ತರ ಉಳಿಸಿಕೊಳ್ಳುವ ಉಪಾಯವೂ ಇದೆ ಎಂದು ಗುಂಪಿನವರು ಹೇಳಿದರು, ಬೇಡವೆಂದೆ. ಗಾಡಿ ಕಂಪೆನಿಯ ಎತ್ತರಕ್ಕೆ ಇಳಿಯಿತು. ನಡುಕ ಹೆಚ್ಚುಕಡಿಮೆ ನಿಂತಿತು. ಆಮೇಲೆ ಗ್ಯಾರೇಜಿಗೆ ಹೋದರೆ ಹುಡುಗ ಇಲ್ಲ. ಎರಡನೆಯ ತಿಂಗಳ ಸಂಬಳ ಮುರಿದ ವಾರವೇ ಬಿಟ್ಟು ಹೋದನಂತೆ, ಊರಿಗೋ ಹೈದರಾಬಾದಿಗೋ. ಮಾಲಕನ ಹತ್ತಿರ ಇದ್ದ ನಂಬರು ಹತ್ತಲಿಲ್ಲ. ಹೊಸ ನಂಬರು ಸಿಗಲು, ಸುಳ್ಳೇಕೆ, ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಮೂರು ನಾನು ಹುಡುಕದೇ ಕಳೆದದ್ದು.

"ಯಾರ್ರಿ?" ಎಂದ. ಹೇಳಿದೆ. ಸ್ವಲ್ಪ ಹೊತ್ತು ಬರೀ ಗ್ಯಾರೇಜಿನ ಸದ್ದು. ಎಲ್ಲಿಯ ಗ್ಯಾರೇಜೋ, ಹಿಂದೆ ತೆಲುಗು ಕೇಳಿಸುತ್ತಿತ್ತು.

"ಹಾಂ ಸರ, ಹೇಳ್ರಿ."

"ಅವತ್ತು ನೀವು ಹೇಳಿದ್ದೇ ಸರಿ. ಶಾಫ್ಟಿನದೇ ಆಗಿತ್ತು. ತಪ್ಪು ನನ್ನದು." ಬಹುವಚನ ಬಾಯಿಗೆ ತಾನಾಗಿ ಬಂತು. ಬಂದದ್ದು ಗೌರವವೋ ಭಯವೋ ತಿಳಿಯಲಿಲ್ಲ.

"ಶ್ಯಾಕಲ್ ತಗಿಸಿದ್ರೇನ್ರಿ?"

"ತೆಗೆಸಿದೆ."

"ಕ್ರಾಸ್?"

"ಅದು ಹಾಗೇ ಇದೆ."

"ಅದನ್ನ ಬದಲ್ ಮಾಡಸ್ರಿ ಸರ. ಅಷ್ಟ್ ದಿನಾ ಹಂಗ ಓಡಿಸಿದ್ರ ತಿಂದಿರತೈತಿ. ದಾರ್ಯಾಗ ಮುರಿದ್ರ ಹೈರಾಣ ಆಗ್ತೀರಿ."

ದುಡ್ಡಿನ ಮಾತು ನಾನೇ ತೆಗೆದೆ. ಬೇಡ ಎನ್ನುತ್ತಾನೇನೋ ಎಂದು ಅಂಜಿಕೆಯಿತ್ತು. ಬೇಡ ಎನ್ನಲಿಲ್ಲ. "ಇದ ನಂಬರಿಗೆ ಹಾಕ್ರಿ" ಎಂದು ಫೋನಿಟ್ಟ. ಹತ್ತು ಸಾವಿರ ಹಾಕಿದೆ. ಕಾಲು ಗಂಟೆಯಲ್ಲಿ ಮೊಬೈಲು ಕಿಣಿಗುಟ್ಟಿತು. 3,500 ವಾಪಸು ಬಂದಿತ್ತು.

ಆ ಭಾನುವಾರ ಕ್ರಾಸ್ ಬಿಚ್ಚಿಸಿ ನೋಡಿದೆ. ತಿಂದಿತ್ತು.